ಕೇಳಿ ನೋಡಿ: ಟಿಬಿ ಲೆಕ್ಕ ಏರ್ತಾ ಉಂಟಾ, ಇಳೀತಾ ಉಂಟಾ?

ಮಾರ್ಚ್ 24ರ ಕ್ಷಯರೋಗ ದಿನಕ್ಕೆ ಅಂತ ಹೋದ ಸಂಚಿಕೆಯಲ್ಲಿ ಅರ್ಧ ಪುಟ ಬರೆದಿದ್ದೆ ಅಷ್ಟೇ, ಅದಕ್ಕೆ ಇಷ್ಟು ಪತ್ರ, ಇಷ್ಟು ವಾಟ್ಸಾಪ್ ಬರ್ತದೆ ಅಂತ ಅಂದ್ಕೊಂಡೇ ಇರ್ಲಿಲ್ಲ, ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ. ಮೊದ್ಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಟಿಬಿ ವಿಭಾಗದಲ್ಲಿ ಬೈಕ್ ಮೇಲೆ ಪೇಷಂಟ್ ಕಾರ್ಡು, ಮಾತ್ರೆ ಡಬ್ಬ ಹೊತ್ಕೊಂಡು ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ), ಹಾಡಿ (ಬುಡಕಟ್ಟು ಜನರ ಕೇರಿ), ಪೇಟೆ ಬೀದಿ ಅಂತ ಸುತ್ತಿ ಸುತ್ತಿ ರಿಟೈರ್ ಆದವ. ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ, ಅದನ್ನ ನಿಮ್ಮ ಡಾಕ್ಟರ್ ಹತ್ರ ಕೇಳಿ. ಲೆಕ್ಕ ಕೇಳಿ, ಕಾರ್ಡು ಕೇಳಿ, ಮನೆಮನೆ ಕಥೆ ಕೇಳಿ, ಹೇಳ್ತೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರು, ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಒಂದಿನ ಪೇಪರಲ್ಲಿ ಟಿಬಿ ಇಳಿಮುಖ ಅಂತ ಬರ್ತದೆ, ತಿಂಗಳು ಬಿಟ್ಟು ನೋಡಿದ್ರೆ ಕೇಸುಗಳು ದಾಖಲೆ ಮಟ್ಟಕ್ಕೆ ಏರಿಕೆ ಅಂತ ಬರ್ತದೆ. ಎರಡೂ ಸರ್ಕಾರದ್ದೇ ಅಂಕಿ. ಯಾವುದನ್ನ ನಂಬೋದು? (ಮಡಿಕೇರಿ)

ಉತ್ತರ: ಎರಡನ್ನೂ ನಂಬಿ ಸರ್, ಎರಡೂ ನಿಜವೇ. ತಪ್ಪಿರೋದು ಹೆಡ್ಡಿಂಗ್ ಹಾಕೋರ ಹತ್ರ.

ತೋಟ ನೋಡಿದವರಿಗೆ ಇದನ್ನ ಹೇಳೋದು ಸುಲಭ. ಈ ವರ್ಷ ಗಿಡದಲ್ಲಿ ನಿಜವಾಗ್ಲೂ ಎಷ್ಟು ಹಣ್ಣು ಬಿಟ್ಟಿದೆ ಅಂತ ಯಾರಾದ್ರೂ ಒಂದೊಂದೇ ಎಣಿಸ್ತಾರಾ? ಇಲ್ಲ, ಅಲ್ಲಿ ಹತ್ತು ಗಿಡ ಇಲ್ಲಿ ಹತ್ತು ಗಿಡ ನೋಡಿ, ಹೂಮಳೆ ಹೇಗಿತ್ತು ಅಂತ ನೆನಪು ಮಾಡ್ಕೊಂಡು, ಇಷ್ಟು ಮೂಟೆ ಆಗ್ಬಹುದು ಅಂತ ಅಂದಾಜು ಹೇಳ್ತೀವಿ. ಸಂಜೆ ತಕ್ಕಡಿಗೆ ಬಿದ್ದದ್ದು ಎಷ್ಟು ಅನ್ನೋದು ಬೇರೆ ಲೆಕ್ಕ, ಅದು ತೋಟದ ಲೆಕ್ಕ ಬರೆಯೋ ರೈಟರ್ ಪುಸ್ತಕದಲ್ಲಿ ಇರ್ತದೆ. ಇನ್ನು ಇವತ್ತಿನ ದಿನ ಗೋಡೌನಲ್ಲಿ ಹಳೇದು ಹೊಸದು ಸೇರಿ ಒಟ್ಟು ಎಷ್ಟು ಬಿದ್ದಿದೆ ಅನ್ನೋದು ಮೂರನೇದು. ಟಿಬಿಯಲ್ಲೂ ಹೀಗೇ. ವರ್ಷಕ್ಕೆ ಹೊಸದಾಗಿ ಎಷ್ಟು ಜನಕ್ಕೆ ಬರ್ತದೆ ಅನ್ನೋದು ಅಂದಾಜು. ಎಷ್ಟು ಜನ ಸಿಕ್ಕಿ ನಿಕ್ಷಯ್ ಅನ್ನೋ ಸರ್ಕಾರದ ಟಿಬಿ ದಾಖಲೆ ಪೋರ್ಟಲಲ್ಲಿ ಹೆಸರು ಬಿದ್ದಿದೆ ಅನ್ನೋದು ತಕ್ಕಡಿ. ಒಂದು ಹೊತ್ತಲ್ಲಿ ಊರಲ್ಲಿ ಒಟ್ಟು ಎಷ್ಟು ಜನ ಕಾಯಿಲೆ ಇಟ್ಕೊಂಡಿದ್ದಾರೆ ಅನ್ನೋದು ಗೋಡೌನು, ಅದನ್ನ ತಿಳಿಯೋಕೆ ಮನೆಮನೆಗೆ ಹೋಗಿ ಎಕ್ಸ್‌ರೇ ತೆಗೀಬೇಕು.

ಈಗ ಅಂಕಿ ನೋಡಿ. ದೇಶದ ಅಂದಾಜು 2015ರಲ್ಲಿ ಲಕ್ಷ ಜನಕ್ಕೆ 237 ಹೊಸ ಕೇಸು, 2023ಕ್ಕೆ 195. ಇದು ಇಳಿಮುಖದ ಹೆಡ್ಡಿಂಗು. ಅದೇ ಹೊತ್ತಲ್ಲಿ ತಕ್ಕಡಿಗೆ ಬಿದ್ದ ಕೇಸು 2023ರಲ್ಲಿ ಸುಮಾರು 25.5 ಲಕ್ಷ, 2024ರಲ್ಲಿ 26 ಲಕ್ಷ ದಾಟ್ತು. ಇದು ಏರಿಕೆಯ ಹೆಡ್ಡಿಂಗು. ಎರಡೂ ಒಟ್ಟಿಗೆ ಆಗೋಕೆ ಹೇಗೆ ಸಾಧ್ಯ ಅಂದ್ರೆ, ಮೊದ್ಲು ಗಿಡದ ಬುಡದಲ್ಲಿ ಉದುರಿ ಮಣ್ಣಾಗ್ತಿದ್ದದ್ದನ್ನ ಈಗ ಹೆಕ್ಕಿ ತರ್ತಾ ಇದ್ದಾರೆ ಅಷ್ಟೇ. ಲೆಕ್ಕಕ್ಕೆ ಸಿಗದೆ ಹೋಗೋರು 2015ರಲ್ಲಿ ಸುಮಾರು 15 ಲಕ್ಷ ಇದ್ದದ್ದು 2023ಕ್ಕೆ ಎರಡೂವರೆ ಲಕ್ಷದ ಹತ್ರ ಬಂತು ಅನ್ನೋದು ಕೇಂದ್ರ ಆರೋಗ್ಯ ಇಲಾಖೆ ಹೇಳೋ ಲೆಕ್ಕ.

ಉಲ್ಟಾ ಆಗೋದೂ ಉಂಟು. 2019ರಲ್ಲಿ 24 ಲಕ್ಷ ಕೇಸು ಸಿಕ್ಕಿತ್ತು, 2020ರಲ್ಲಿ ಬರೀ 18 ಲಕ್ಷ. ಕೋವಿಡ್ ವರ್ಷ. ಆಗ ಯಾರಾದ್ರೂ ಗ್ರಾಫ್ ತೋರ್ಸಿ ಟಿಬಿ ಕಾಲು ಭಾಗ ಕಮ್ಮಿ ಆಯ್ತು ಅಂತ ಖುಷಿ ಪಟ್ಟಿದ್ರೆ ಅವರಿಗೆ ಏನು ಹೇಳ್ಬೇಕಿತ್ತು? ಕಾಯಿಲೆ ಎಲ್ಲೂ ಹೋಗಿರ್ಲಿಲ್ಲ, ಮನೆ ಬಾಗಿಲು ಹಾಕ್ಕೊಂಡು ಒಳಗೇ ಕೆಮ್ಮುತಾ ಇತ್ತು, ನಮ್ಮ ಲ್ಯಾಬಿನವರು ಸ್ವ್ಯಾಬ್ ತೆಗೆಯೋ ಡ್ಯೂಟಿಯಲ್ಲಿ ಇದ್ರು. ಹಾಗಾಗಿ ರಾಜ್ಯದ್ದಾಗ್ಲಿ ಜಿಲ್ಲೆದಾಗ್ಲಿ ಕೇಸು ಕಮ್ಮಿ ಆಯ್ತು ಅಂತ ಓದಿದ ಕೂಡ್ಲೇ ಕೇಳ್ಬೇಕಾದ ಪ್ರಶ್ನೆ ಒಂದೇ: ಆ ವರ್ಷ ಕಫ ಪರೀಕ್ಷೆ ಎಷ್ಟು ಜನಕ್ಕೆ ಮಾಡಿದ್ರು? ಪರೀಕ್ಷೆ ಜಾಸ್ತಿ ಆಗಿ ಕೇಸು ಕಮ್ಮಿ ಆಗಿದ್ರೆ ಒಳ್ಳೇದು. ಎರಡೂ ಒಟ್ಟಿಗೆ ಕಮ್ಮಿ ಆಗಿದ್ರೆ ನಂಬಬೇಡಿ.

ಇನ್ನೊಂದು ನಮ್ಮ ಜಿಲ್ಲೆಗೇ ಇರೋ ತೊಡಕು. ಲಕ್ಷಕ್ಕೆ ಇಷ್ಟು ಅಂತ ಹೇಳೋಕೆ ಭಾಗಿಸೋ ಸಂಖ್ಯೆ ಬೇಕಲ್ಲ, 2011ರ ಜನಗಣತಿಯಲ್ಲಿ ಕೊಡಗಿನ ಜನ 5,54,519. ಅದ್ರ ಮೇಲೆ ಕೂಡಿಸಿ ಕಳೆದು ಅಂದಾಜು ಮಾಡ್ತಾರೆ. ಕಾಫಿ ಕೊಯ್ಲಿಗೆ ಹೊರಗಿಂದ ಬಂದು ಮೂರು ನಾಲ್ಕು ತಿಂಗಳು ಇದ್ದು ಹೋಗೋರು ಆ ಭಾಗಿಸೋ ಸಂಖ್ಯೆಯಲ್ಲಿ ಇಲ್ಲ. ಆದ್ರೆ ಅವರಿಗೆ ಟಿಬಿ ಸಿಕ್ಕಿದ್ರೆ ಕೇಸು ಮಾತ್ರ ಇಲ್ಲೇ ಬೀಳ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಇಂಥದ್ದೆಲ್ಲ ಮುಳುಗಿ ಹೋಗ್ತದೆ, ಐದೂವರೆ ಲಕ್ಷದ ಜಿಲ್ಲೆಯಲ್ಲಿ ಕಾಣ್ತದೆ.

ಪ್ರಶ್ನೆ: ವರದಿಯಲ್ಲಿ ಟ್ರೀಟ್ಮೆಂಟ್ ಸಕ್ಸಸ್ ರೇಟ್ ಅಂತ ಇರ್ತದೆ, 85 ಇಲ್ಲ 90 ಪರ್ಸೆಂಟ್ ಅಂತ. ಉಳಿದ ಹತ್ತು ಹದಿನೈದು ಜನ ಎಲ್ಲಿ ಹೋದ್ರು? (ಕುಶಾಲನಗರ, ಡಿಗ್ರಿ ವಿದ್ಯಾರ್ಥಿ)

ಉತ್ತರ: ಇದನ್ನ ಕೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ನನ್ನ ಸರ್ವಿಸಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ಕೂತಿದ್ದೀನಿ, 85 ಬಂತಾ ಅಂತ ಕೇಳಿದವರೇ ಜಾಸ್ತಿ, 15 ಎಲ್ಲಿ ಅಂತ ಕೇಳಿದವರು ಕಮ್ಮಿ.

ಇದು ಎಸ್ಸೆಸ್ಸೆಲ್ಸಿ ಬ್ಯಾಚ್ ಇದ್ದ ಹಾಗೆ. ಒಂದು ವರ್ಷದಲ್ಲಿ ಮಾತ್ರೆ ಶುರು ಮಾಡಿದ ಎಲ್ಲರದ್ದೂ ಒಂದು ಬ್ಯಾಚು, ಅವರ ಚಿಕಿತ್ಸೆ ಮುಗಿಯೋ ತನಕ ಕಾದು ಒಬ್ಬೊಬ್ಬರ ಹೆಸರಿನ ಮುಂದೆ ರಿಸಲ್ಟ್ ಬರೀತಾರೆ. ಅದಕ್ಕೇ ಕೇಸಿನ ಲೆಕ್ಕ ಈ ವರ್ಷದ್ದು ಸಿಕ್ಕಿದ್ರೂ ರಿಸಲ್ಟಿನ ಲೆಕ್ಕ ಹಿಂದಿನ ಬ್ಯಾಚಿಂದೇ ಸಿಗೋದು. ಕೊನೇಗೆ ಕಫ ಪರೀಕ್ಷೆಯಲ್ಲಿ ರೋಗಾಣು ಇಲ್ಲ ಅಂತ ಖಾತ್ರಿ ಆದ್ರೆ ‘ಗುಣ’. ಮಾತ್ರೆ ಪೂರ್ತಿ ನುಂಗಿದ್ದಾರೆ, ಆದ್ರೆ ಕೊನೇ ಕಫ ಪರೀಕ್ಷೆಯ ಸಾಕ್ಷಿ ಇಲ್ಲ ಅಂದ್ರೆ ‘ಚಿಕಿತ್ಸೆ ಪೂರ್ಣ’. ಈ ಎರಡನ್ನ ಕೂಡಿಸಿದ್ರೆ ನೀನು ಹೇಳಿದ ಸಕ್ಸಸ್. ಉಳಿದವರಲ್ಲಿ ಕೆಲವರು ತೀರಿಕೊಂಡವರು, ಕೆಲವರಿಗೆ ಮಾತ್ರೆ ಕೆಲಸ ಮಾಡ್ಲಿಲ್ಲ, ಕೆಲವರು ಒಂದು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಮಾತ್ರೆ ಬಿಟ್ಟು ಕಣ್ಮರೆ ಆದವರು, ಇನ್ನು ಕೆಲವರ ಗತಿ ಏನಾಯ್ತು ಅಂತ ಯಾರೂ ಬರೆದೇ ಇಲ್ಲ.

ಕಣ್ಮರೆ ಆದವರಿಗೆ ನಮ್ಮ ಕಾಲದಲ್ಲಿ ‘ಡಿಫಾಲ್ಟರ್’ ಅಂತಿದ್ವಿ, ಬ್ಯಾಂಕ್ ಸಾಲ ಕಟ್ಟದವರಿಗೆ ಹೇಳೋ ಪದ. ಈಗ ‘ಲಾಸ್ಟ್ ಟು ಫಾಲೋ ಅಪ್’ ಅಂತಾರೆ. ಪದ ಬದಲಾದದ್ದು ಚಿಕ್ಕ ವಿಷಯ ಅಲ್ಲ ಅಂತ ನನ್ನ ಅನಿಸಿಕೆ, ಮೊದಲಿನದ್ದು ಪೇಷಂಟ್ ಮೇಲೆ ತಪ್ಪು ಹೊರಿಸೋದು, ಎರಡನೇದು ಕಳ್ಕೊಂಡವರು ನಾವು ಅಂತ ಒಪ್ಪಿಕೊಳ್ಳೋದು.

ಪ್ರಪಂಚದ ಮಟ್ಟದಲ್ಲಿ 2022ರಲ್ಲಿ ಶುರು ಮಾಡಿದ ಸಾಮಾನ್ಯ ಟಿಬಿ ಬ್ಯಾಚಿನ ಸಕ್ಸಸ್ 88 ಪರ್ಸೆಂಟ್. ಔಷಧಕ್ಕೆ ಜಗ್ಗದ ಟಿಬಿಯಲ್ಲಿ, 2021ರ ಬ್ಯಾಚಲ್ಲಿ, ಅದು 68. ಈ ಎರಡರ ನಡುವಿನ ವ್ಯತ್ಯಾಸ ನೆನಪಿಟ್ಕೋ, ಮುಂದೆ ಒಬ್ಬ ಅಕ್ಕನ ಪ್ರಶ್ನೆಗೆ ಬೇಕಾಗ್ತದೆ.

ಪ್ರಶ್ನೆ: ನಮ್ಮ ತೋಟಕ್ಕೆ ಕೊಯ್ಲಿಗೆ ಬಂದ ಅಸ್ಸಾಂ ಕಡೆಯ ಹುಡುಗನಿಗೆ ಡಿಸೆಂಬರಲ್ಲಿ ಟಿಬಿ ಅಂತ ಗೊತ್ತಾಗಿ ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಶುರು ಮಾಡಿಸಿದ್ವಿ. ಫೆಬ್ರವರಿ ಕೊನೇಲಿ ಗುಂಪಿನ ಜೊತೆ ಊರಿಗೆ ಹೊರಟು ಹೋದ. ಫೋನ್ ಸಿಕ್ತಾ ಇಲ್ಲ. ಇದು ನನ್ನ ತಪ್ಪಾ? ಲೈನ್ ಮನೆಯಲ್ಲಿ ಉಳಿದವರಿಗೆ ಏನಾದ್ರೂ ಆಗ್ತದಾ? (ಸಿದ್ದಾಪುರ)

ಉತ್ತರ: ಸರ್, ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ, ಯಾಕಂತ ಹೇಳ್ತೀನಿ.

ನಾನು ಸರ್ವಿಸಲ್ಲಿದ್ದಾಗ ಈಗಿನ ಹಾಗೆ ದಿನಾ ಮಾತ್ರೆ ಇರ್ಲಿಲ್ಲ, ವಾರಕ್ಕೆ ಮೂರು ದಿನ, ಆಶಾ ಅಥವಾ ಅಂಗನವಾಡಿಯವರ ಎದುರಲ್ಲೇ ನುಂಗ್ಬೇಕಿತ್ತು. ದಿನಾ ಮಾತ್ರೆ ಕೊಡೋದು ದೇಶ ಪೂರ್ತಿ ಬಂದದ್ದು 2017ರ ಕೊನೇಗೆ. ಒಬ್ಬೊಬ್ಬ ಪೇಷಂಟಿಗೆ ಒಂದೊಂದು ಡಬ್ಬ, ಹೊಸ ಕೇಸಾದ್ರೆ ಕೆಂಪು, ಒಂದು ಸಲ ಬಿಟ್ಟು ಮತ್ತೆ ಬಂದವರಿಗೆ ನೀಲಿ, ಡಬ್ಬದ ಮೇಲೆ ಅವರ ಹೆಸರು. ಚಿಕಿತ್ಸೆ ಮುಗಿಯೋ ತನಕದ ಮಾತ್ರೆ ಪೂರ್ತಿ ಅದ್ರೊಳಗೆ. ಒಂದು ತೋಟದಲ್ಲಿ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಹುಡುಗ, ಅವನೂ ಹೊರಗಿಂದ ಬಂದವನೇ, ಭಾಷೆ ಬರ್ತಿರ್ಲಿಲ್ಲ, ಕೈಸನ್ನೆಯಲ್ಲೇ ಮಾತು. ಎರಡು ತಿಂಗಳಲ್ಲಿ ನಾಲ್ಕು ಕೆಜಿ ಏರಿದ್ದ, ನನ್ನ ನೋಡಿದ್ರೆ ತಕ್ಕಡಿ ಮೇಲೆ ತಾನೇ ಹತ್ತಿ ನಿಲ್ತಿದ್ದ. ರೊಬಸ್ಟಾ ಕೊಯ್ಲು ಮುಗೀತು, ಒಂದು ಸೋಮವಾರ ಹೋದ್ರೆ ಲೈನ್ ಮನೆಗೆ ಬೀಗ. ರೈಟರನ್ನ ಕೇಳಿದ್ರೆ, ನಿನ್ನೆ ಲೆಕ್ಕ ಮುಗಿಸಿ ಕಳಿಸ್ಬಿಟ್ವಿ, ನಿಮಗೆ ಯಾಕೆ ಹೇಳ್ಬೇಕು ಅಂದ್ರು. ಅರ್ಧ ಖಾಲಿ ಆದ ಕೆಂಪು ಡಬ್ಬ ಎಷ್ಟೋ ದಿನ ನಮ್ಮ ಶೆಲ್ಫಲ್ಲೇ ಇತ್ತು. ಅವನ ಕಾರ್ಡಲ್ಲಿ ನಾನೇ ಬರೆದೆ, ‘ಟ್ರಾನ್ಸ್‌ಫರ್ಡ್ ಔಟ್’ ಅಂತ. ಆಗ ಆ ಕಾಲಂ ಇತ್ತು. ಊರಿನ ಹೆಸರು ಹಾಕಿ ಒಂದು ಫಾರಂ ಪೋಸ್ಟ್ ಮಾಡಿದ್ರೆ ನಮ್ಮ ಕೆಲಸ ಮುಗೀತು. ಆ ಫಾರಂಗೆ ಉತ್ತರ ಬರ್ಲೇ ಇಲ್ಲ. ಅವನು ಡಿಫಾಲ್ಟರ್ ಲೆಕ್ಕಕ್ಕೆ ಬರ್ಲಿಲ್ಲ ಅಂತ ನಮ್ಮ ಯೂನಿಟ್ಟಿನ ಪರ್ಸೆಂಟ್ ಚೆನ್ನಾಗೇ ಇತ್ತು.

ನೋಡಿ ಸರ್, ಕೊಯ್ಲು ಮೂರು ನಾಲ್ಕು ತಿಂಗಳು, ಟಿಬಿ ಚಿಕಿತ್ಸೆ ಆರು ತಿಂಗಳು. ಸೀಸನ್ ಶುರುವಿನ ದಿನವೇ ಮಾತ್ರೆ ಶುರು ಮಾಡಿದ್ರೂ ಮುಗಿಯೋದ್ರೊಳಗೆ ಅವರು ಹೊರಟಾಗಿರ್ತದೆ. ಇದ್ರಲ್ಲಿ ಹುಡುಗನ ಉಡಾಫೆ ಇಲ್ಲ, ನಿಮ್ಮ ತಪ್ಪೂ ಇಲ್ಲ, ಹೊರಡೋ ಮೊದ್ಲು ಒಂದು ಮಾತು ಟಿಬಿ ಸಿಬ್ಬಂದಿಗೆ ಹೇಳಿದ್ರೆ ಸಾಕಿತ್ತು ಅನ್ನೋದು ಬಿಟ್ಟು. ಈಗ ವ್ಯವಸ್ಥೆ ಸುಧಾರಿಸಿದೆ. ಪ್ರತಿ ಪೇಷಂಟಿಗೂ ನಿಕ್ಷಯ್ ಐಡಿ ನಂಬರ್ ಇರ್ತದೆ, ಅದು ಊರು ಬದಲಾದ್ರೂ ಬದಲಾಗಲ್ಲ, ಇಲ್ಲಿನ ಸೂಪರ್ವೈಸರ್ ಕಂಪ್ಯೂಟರಲ್ಲೇ ಆ ಊರಿನ ಕೇಂದ್ರಕ್ಕೆ ಕೇಸನ್ನ ವರ್ಗ ಮಾಡ್ತಾರೆ. ನೀವು ಈಗ್ಲೂ ಮಾಡ್ಬಹುದಾದದ್ದು: ಮಾತ್ರೆ ಕೊಟ್ಟ ಆಸ್ಪತ್ರೆಗೆ ಹೋಗಿ ಅವನ ಊರು, ಅವನ ಜೊತೆ ಬಂದ ಮೇಸ್ತ್ರಿಯ ನಂಬರ್ ಕೊಡಿ. ಗುಂಪಿನಲ್ಲಿ ಒಬ್ಬನ ಫೋನಾದ್ರೂ ಸಿಗ್ತದೆ, ಅವನ ಮೂಲಕ 1800-11-6666 ನಂಬರ್ ಮುಟ್ಟಿಸಿ, ಟೋಲ್ ಫ್ರೀ, ಅಲ್ಲಿ ಬೇರೆ ಭಾಷೆಯಲ್ಲೂ ಮಾತಾಡ್ತಾರೆ. ಮುಂದಿನ ಸೀಸನ್ನಿಗೆ ಇಷ್ಟು ಮಾಡಿ: ಮಾತ್ರೆ ತಗೊಳೋರ ಕೂಲಿ ಲೆಕ್ಕ ಮುಗಿಸೋಕೆ ಒಂದು ವಾರ ಮೊದ್ಲೇ ಆಸ್ಪತ್ರೆಗೆ ಫೋನ್ ಮಾಡ್ಬಿಡಿ, ದಾರಿಗೆ ಅಂತ ಮಾತ್ರೆ ಕಟ್ಟಿಕೊಡ್ತಾರೆ.

ಲೈನ್ ಮನೆಯಲ್ಲಿ ಅವನ ಜೊತೆ ಮಲಗ್ತಿದ್ದ ಎಲ್ಲರನ್ನೂ ಒಂದು ಸಲ ಪರೀಕ್ಷೆಗೆ ಕಳಿಸಿ, ಕೆಮ್ಮು ಇಲ್ದಿದ್ರೂ ಎಕ್ಸ್‌ರೇ ತೆಗೆಸಿ. ಕಾಯಿಲೆ ಇಲ್ಲ ಅಂತಾದ್ರೆ ಬರದೇ ಇರೋಕೂ ಈಗ ಮಾತ್ರೆ ಉಂಟು, ಡಾಕ್ಟರ್ ನೋಡಿ ಕೊಡ್ತಾರೆ. ಮತ್ತೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಕೊಡಗಿನ ಗಾಳಿ ಒಳ್ಳೇದು, ಇಲ್ಲಿ ಟಿಬಿ ಎಲ್ಲಿಂದ ಬರ್ಬೇಕು ಅಂತ ನನ್ನ ಹತ್ರ ಎಷ್ಟು ಜನ ಹೇಳಿದ್ದಾರೋ. ಗಾಳಿ ಒಳ್ಳೇದೇ, ಆದ್ರೆ ಅದು ಹೊರಗೆ ಉಂಟು. ಹತ್ತಡಿ ರೂಮಲ್ಲಿ ಐದಾರು ಜನ, ಮಳೆಗೆ ಚಳಿಗೆ ಹೆದರಿ ಕಿಟಕಿ ಮುಚ್ಚಿ, ಒಳಗೇ ಸೌದೆ ಒಲೆ ಹಾಕಿದ್ರೆ ಆ ಗಾಳಿ ಏನು ಮಾಡ್ತದೆ?

ಪ್ರಶ್ನೆ: ನಮ್ಮ ಪಂಚಾಯ್ತಿಗೆ ಟಿಬಿ ಮುಕ್ತ ಅಂತ ಸರ್ಟಿಫಿಕೇಟು, ಕಂಚಿನ ಬಣ್ಣದ ಗಾಂಧಿ ಮೂರ್ತಿ ಎಲ್ಲಾ ಬಂತು. ಎರಡೇ ತಿಂಗಳಿಗೆ ನಮ್ಮ ಬೀದಿಯಲ್ಲೇ ಒಬ್ಬರಿಗೆ ಟಿಬಿ. ಹಾಗಾದ್ರೆ ಅದು ಸುಳ್ಳು ಸರ್ಟಿಫಿಕೇಟಾ? (ಪೊನ್ನಂಪೇಟೆ)

ಉತ್ತರ: ಸುಳ್ಳಲ್ಲ, ಹೆಸರು ಮಾತ್ರ ಸ್ವಲ್ಪ ದೊಡ್ಡದಾಯ್ತು. ಟಿಬಿ ಮುಕ್ತ ಅಂದ್ರೆ ಟಿಬಿ ಸೊನ್ನೆ ಅಂತಲ್ಲ. 2023ರಲ್ಲಿ ಶುರು ಆದ ಯೋಜನೆ ಇದು, ಅದ್ರ ನಿಯಮದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಒಂದು ಕೇಸು ತನಕ ಇರ್ಬಹುದು. ಆದ್ರೆ ಸಾವಿರಕ್ಕೆ ಕಮ್ಮಿ ಅಂದ್ರೂ 30 ಜನಕ್ಕೆ ಪರೀಕ್ಷೆ ಮಾಡಿರ್ಬೇಕು, ಹಿಂದಿನ ಬ್ಯಾಚಲ್ಲಿ ನೂರಕ್ಕೆ 85 ಜನರದ್ದಾದ್ರೂ ಚಿಕಿತ್ಸೆ ಸಕ್ಸಸ್ ಆಗಿರ್ಬೇಕು, ಇದ್ರ ಜೊತೆ ಪೌಷ್ಟಿಕ ಆಹಾರದ ದುಡ್ಡು ಪೇಷಂಟಿಗೆ ಮುಟ್ಟಿರ್ಬೇಕು, ಹೀಗೆ. ಮೊದಲ ವರ್ಷ ಕಂಚಿನ ಬಣ್ಣ, ಎರಡು ವರ್ಷ ಬಿಡದೆ ಉಳಿಸ್ಕೊಂಡ್ರೆ ಬೆಳ್ಳಿ, ಮೂರಕ್ಕೆ ಚಿನ್ನದ ಬಣ್ಣ.

ಪರೀಕ್ಷೆಯ ಆ 30ರ ನಿಯಮ ನನಗೆ ಇಷ್ಟ, ಹುಡುಕದೇನೇ ಇಲ್ಲ ಅಂತ ಹೇಳೋಕೆ ಬಿಡಲ್ಲ. ಇಷ್ಟ ಆಗದೇ ಇರೋದು ಅಂದ್ರೆ, ಬೋರ್ಡ್ ಒಂದ್ಸಲ ಹಾಕಿದ ಮೇಲೆ ಹೊಸ ಕೇಸು ಸಿಕ್ಕಿದ್ರೆ ಊರಿನ ಮರ್ಯಾದೆ ಹೋಯ್ತು ಅನ್ನೋ ಹಾಗೆ ಮಾತಾಡ್ತಾರೆ. ಎರಡು ಮೂರು ಸಾವಿರ ಜನ ಇರೋ ಪಂಚಾಯ್ತಿಯಲ್ಲಿ ಒಂದೇ ಮನೆಯ ಇಬ್ಬರಿಗೆ ಬಂದ್ರೂ ಲೆಕ್ಕ ಮೇಲೆ ಕೆಳಗೆ ಆಗ್ತದೆ. ನಿಮ್ಮ ಬೀದಿಯವರು ಬೇಗ ಸಿಕ್ಕಿದ್ದಾರೆ ಅಂದ್ರೆ ಪಂಚಾಯ್ತಿ ಕೆಲಸ ಮಾಡ್ತಾ ಇದೆ ಅಂತಲೇ ಅರ್ಥ. ಅವರ ಮನೆಗೆ ಒಂದು ಟ್ರೇ ಮೊಟ್ಟೆ ತಗೊಂಡು ಹೋಗಿ ಮಾತಾಡಿಸಿ ಬನ್ನಿ, ಮೂರ್ತಿ ಬಗ್ಗೆ ಆಮೇಲೆ ನೋಡೋಣ.

ಪ್ರಶ್ನೆ: ನಮ್ಮವರಿಗೆ ನಾಲ್ಕನೇ ತಿಂಗಳು ನಡೀತಾ ಉಂಟು. ಕೆಮ್ಮು ಇಲ್ಲ, ಜ್ವರ ಇಲ್ಲ, ತೂಕ ಬಂದಿದೆ. ಇನ್ಯಾಕೆ ಮಾತ್ರೆ ಅಂತ ಡಬ್ಬ ಎತ್ತಿ ಇಟ್ಟಿದ್ದಾರೆ. ಸಂಜೆ ಎರಡು ಪೆಗ್ ಮಾತ್ರ ತಪ್ಪಿಸಲ್ಲ. ಹೇಗೆ ಹೇಳೋದು? (ಸೋಮವಾರಪೇಟೆ ಹತ್ರ)

ಉತ್ತರ: ಅಕ್ಕ, ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು ಅಂತ ಬರೆದಿಲ್ಲ ನೀವು. ಹತ್ತು ದಿನ ಆಗಿರ್ಲಿ, ಇಪ್ಪತ್ತು ಆಗಿರ್ಲಿ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ನಿಜ ಹೇಳ್ಬಿಡಿ. ಬೈತಾರೆ ಅಂತ ಹೆದರಿ ಮನೇಲಿ ಕೂತ್ಕೊಂಡೇ ತಿಂಗಳು ದಾಟಿಸೋರು ಜಾಸ್ತಿ.

ಅವರಿಗೆ ಹೀಗೆ ಹೇಳಿ ನೋಡಿ. ತೋಟದಲ್ಲಿ ಕಳೆ ಮೇಲಿಂದ ಸವರಿದ್ರೆ ಒಂದು ವಾರ ನೆಲ ಸ್ವಚ್ಛ ಕಾಣ್ತದೆ, ಬೇರು ಒಳಗೆ ಇರ್ತದೆ. ಮೊದಲ ಎರಡು ತಿಂಗಳ ನಾಲ್ಕು ಔಷಧ ಮೇಲಿನ ಕಳೆಯನ್ನ ಸವರಿ ಹಾಕ್ತದೆ, ಅದಕ್ಕೇ ಕೆಮ್ಮು ನಿಂತದ್ದು. ಉಳಿದ ನಾಲ್ಕು ತಿಂಗಳು ಒಳಗೆ ನಿಧಾನಕ್ಕೆ ಉಸಿರಾಡ್ತಾ ಕೂತಿರೋ ರೋಗಾಣುಗೆ. ಈಗ ಬಿಟ್ರೆ ಅದು ಮತ್ತೆ ಬರೋ ಸಾಧ್ಯತೆ ಜಾಸ್ತಿ, ಬಿಟ್ಟು ಬಿಟ್ಟು ನುಂಗಿದ್ರೆ ಔಷಧಕ್ಕೇ ಜಗ್ಗದ ಟಿಬಿ ಆಗ್ಬಹುದು. ಮೇಲೆ ಕುಶಾಲನಗರದ ಹುಡುಗನಿಗೆ ಹೇಳಿದ 88 ಮತ್ತು 68 ಅಂದ್ರೆ ಇದೇ. ಜಗ್ಗದ ಟಿಬಿಗೆ ಮೊದ್ಲು ಒಂದೂವರೆ ಎರಡು ವರ್ಷ ಔಷಧ, ದಿನಾ ಇಂಜೆಕ್ಷನ್, ಕಿವಿ ಕೇಳಿಸದೇ ಹೋದವರನ್ನ ನೋಡಿದ್ದೀನಿ. ಈಗ ಆರು ತಿಂಗಳಲ್ಲೇ ಮುಗಿಯೋ ಹೊಸ ನಾಲ್ಕು ಔಷಧದ ಚಿಕಿತ್ಸೆಗೆ 2024ರಲ್ಲಿ ನಮ್ಮ ದೇಶದಲ್ಲೂ ಒಪ್ಪಿಗೆ ಸಿಕ್ಕಿದೆ, ಎಲ್ಲರಿಗೂ ಅದು ಆಗಲ್ಲ, ಆದ್ರೂ ದೊಡ್ಡ ಸಮಾಧಾನ. ಅಲ್ಲಿಗೆ ಹೋಗದೇ ಇರೋದು ಅದಕ್ಕಿಂತ ದೊಡ್ಡ ಸಮಾಧಾನ.

ಪೆಗ್ ವಿಷಯ. ಟಿಬಿ ಮಾತ್ರೆಯೂ ಲಿವರ್ ಮೇಲೆ, ಡ್ರಿಂಕ್ಸೂ ಲಿವರ್ ಮೇಲೆ. ಕಣ್ಣು ಹಳದಿ ಆಯ್ತು, ಊಟ ಸೇರ್ತಿಲ್ಲ, ವಾಂತಿ ಅಂದ್ರೆ ಅದೇ ದಿನ ತೋರಿಸಿ. ನಮ್ಮೂರಲ್ಲಿ ಯಾರಿಗಾದ್ರೂ ಪೂರ್ತಿ ಬಿಡಿ ಅಂತ ಹೇಳೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು, ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಗ್ಲಾಸ್ ಇರ್ತದೆ. ಇನ್ನೆರಡು ತಿಂಗಳು ಅಂತ ಲೆಕ್ಕ ಹಾಕಿ ಕ್ಯಾಲೆಂಡರಲ್ಲಿ ಗೀಟು ಹಾಕಿ ಕೊಡಿ. ‘ಬಿಡಿ’ ಅಂದ್ರೆ ಕೇಳದವರು ‘ಇಷ್ಟು ದಿನ’ ಅಂದ್ರೆ ಕೇಳಿದ್ದುಂಟು.

ಪ್ರಶ್ನೆ: ಉಚಿತ ಮಾತ್ರೆ ಉಂಟು, ಟೆಸ್ಟ್ ಉಂಟು. ಆದ್ರೂ ಟಿಬಿಯಲ್ಲಿ ಜನ ಯಾಕೆ ಸಾಯ್ತಾರೆ? (ವಿರಾಜಪೇಟೆ, ಟೀಚರ್)

ಉತ್ತರ: ಮೇಡಂ, ತಡ ಆಗಿ ಬರೋದ್ರಿಂದ, ಮತ್ತೆ ಹೊಟ್ಟೆ ಖಾಲಿ ಇರೋದ್ರಿಂದ.

ತಡದ ಬಗ್ಗೆ ಒಂದು ಹಳೇ ಕಥೆ ನಮ್ಮ ರಾಜ್ಯದ್ದೇ ಉಂಟು. ಬೆಂಗಳೂರಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರು ಆಯ್ತು. ಅಲ್ಲಿಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಟಿಬಿ ಇರೋರನ್ನ ಹುಡುಕಿ, ನಿಮಗೆ ಏನಾಗ್ತಿದೆ ಅಂತ ಗೊತ್ತಿತ್ತಾ, ಏನು ಮಾಡಿದ್ರಿ ಅಂತ ವಿಚಾರಿಸಿದ್ರು, 1963ರಲ್ಲಿ ಅದು ಪ್ರಕಟ ಆಯ್ತು. ಆಗ ಎಲ್ಲರೂ ಅಂದ್ಕೊಂಡಿದ್ದು ಹಳ್ಳಿಯವರಿಗೆ ತಿಳುವಳಿಕೆ ಇಲ್ಲ ಅಂತ. ಸಿಕ್ಕಿದ್ದು ಬೇರೆ: ಹೆಚ್ಚುಕಮ್ಮಿ ಎಲ್ಲರಿಗೂ ಏನೋ ಆಗಿದೆ ಅಂತ ಗೊತ್ತಿತ್ತು, ಅರ್ಧಕ್ಕರ್ಧ ಜನ ಆಗ್ಲೇ ಆಸ್ಪತ್ರೆ ಬಾಗಿಲಿಗೆ ಹೋಗಿ ಬಂದಿದ್ರು, ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಸಿರಪ್ ಬಾಟ್ಲಿ. ಅರವತ್ತು ವರ್ಷ ಕಳೆದು 2019ರಿಂದ 2021ರ ತನಕ ದೇಶದ ಸಮೀಕ್ಷೆ ಮಾಡಿದಾಗ ಲಕ್ಷಣ ಇದ್ದವರಲ್ಲಿ 64 ಪರ್ಸೆಂಟ್ ಜನ ಎಲ್ಲೂ ತೋರಿಸಿಯೇ ಇರ್ಲಿಲ್ಲ. ಆ ಸಿರಪ್ ಬಾಟ್ಲಿಗೂ ಈ 64ಕ್ಕೂ ಏನೋ ಸಂಬಂಧ ಉಂಟು ಅಂತ ನನ್ನ ಗುಮಾನಿ. ಅದೇ ಸಮೀಕ್ಷೆಯಲ್ಲಿ ಇನ್ನೊಂದು, ಎಕ್ಸ್‌ರೇ ತೆಗೀದೇ ಇದ್ದಿದ್ರೆ ಸಿಕ್ಕಿದ ಕೇಸಲ್ಲಿ 42.6 ಪರ್ಸೆಂಟ್ ತಪ್ಪಿ ಹೋಗ್ತಿತ್ತು. ನಮ್ಮಲ್ಲಂತೂ ಜೂನಿಂದ ಸೆಪ್ಟೆಂಬರ್ ತನಕ ಯಾರು ಕೆಮ್ಮಿದ್ರೂ ಮಳೆಗಾಲದ ಕೆಮ್ಮು, ಕರಿಮೆಣಸಿನ ಕಷಾಯ. ಕುಡೀರಿ, ಬೇಡ ಅನ್ನಲ್ಲ. ಎರಡು ವಾರ ಆದ್ಮೇಲೂ ಕೆಮ್ಮು ಇದ್ರೆ ಕಫ ಕೊಡಿ.

ಹೊಟ್ಟೆಯ ವಿಷಯ ಇನ್ನೂ ಮುಖ್ಯ. ನಮ್ಮ ಪಕ್ಕದ ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತೆ ಅವರ ತಂಡ ಝಾರ್ಖಂಡಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದ್ರು, 2023ರಲ್ಲಿ ಪ್ರಕಟ ಆಯ್ತು. ಸುಮಾರು 2,800 ಪೇಷಂಟ್‌ಗಳಿಗೆ ತಿಂಗಳಿಗೆ ಹತ್ತು ಕೆಜಿ ರೇಷನ್ನು, ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಪೇಷಂಟ್‌ಗಳ ಮನೆಯಲ್ಲಿ ಉಳಿದವರಿಗೂ ತಲಾ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು 39 ಪರ್ಸೆಂಟ್ ಕಮ್ಮಿ ಆಯ್ತು, ಹರಡೋ ಜಾತಿಯ ಟಿಬಿ 48 ಪರ್ಸೆಂಟ್ ಕಮ್ಮಿ. ಪೇಷಂಟಿನ ತೂಕ ಮೊದಲ ಎರಡು ತಿಂಗಳಲ್ಲಿ 5 ಪರ್ಸೆಂಟ್ ಏರಿದವರಲ್ಲಿ ಸಾಯೋ ಅಪಾಯ 61 ಪರ್ಸೆಂಟ್ ಕಮ್ಮಿ ಇತ್ತು. ಅಕ್ಕಿ ಬೇಳೆ! ಹೊಸ ಔಷಧ ಯಾವುದಾದ್ರೂ ಇಷ್ಟು ಮಾಡಿದ್ರೆ ಟಿವಿಯಲ್ಲಿ ಮೂರು ದಿನ ತೋರಿಸ್ತಿದ್ರು.

ತಮಿಳುನಾಡಿನವರು 2022ರಿಂದ ಇನ್ನೊಂದು ಸರಳ ಕೆಲಸ ಮಾಡ್ತಿದ್ದಾರೆ. ಟಿಬಿ ಅಂತ ಗೊತ್ತಾದ ಕೂಡ್ಲೇ ತೂಕ ಎತ್ತರ ನೋಡ್ತಾರೆ, ಉಸಿರು ಎಣಿಸ್ತಾರೆ, ಆಕ್ಸಿಜನ್ ನೋಡ್ತಾರೆ, ಯಾರ ಆಸರೆ ಇಲ್ದೆ ಎದ್ದು ನಿಲ್ತಾರಾ ನೋಡ್ತಾರೆ. ತೀರಾ ಸೊರಗಿದವರನ್ನ ಮನೆಗೆ ಕಳಿಸದೆ ಅಡ್ಮಿಟ್ ಮಾಡ್ಕೋತಾರೆ, ಯಾಕಂದ್ರೆ ಸಾಯೋರಲ್ಲಿ ಬಹುಪಾಲು ಮೊದಲ ಎರಡು ತಿಂಗಳಲ್ಲೇ ಸಾಯೋದು. ತೂಕದ ಮಿಷನ್ನು, ಟೇಪು, ವಾಚು. ನಮ್ಮ ಕಾಲದಲ್ಲಿ ಹೀಗೆ ನೋಡಿದ್ದಿದ್ರೆ ಎಷ್ಟು ಕಾರ್ಡು ಬೇರೆ ಥರ ಮುಗೀತಿತ್ತೋ ಅಂತ ಅನ್ಸುತ್ತೆ.

ಪೇಷಂಟಿಗೆ ಊಟಕ್ಕೆ ಅಂತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಹಾಕ್ತಿತ್ತು, 2024ರ ನವೆಂಬರಿಂದ ಅದು 1,000. ಖಾತೆಗೆ ಆಧಾರ್ ಜೋಡಿಸದೆ ಎಷ್ಟೋ ಜನರದ್ದು ನಿಂತಿರ್ತದೆ, ಹಾಡಿಗಳಲ್ಲಿ ಮುಖ್ಯವಾಗಿ. ನಿಮ್ಮ ಶಾಲೆ ಮಕ್ಕಳ ಮನೆಯಲ್ಲಿ ಯಾರಿಗಾದ್ರೂ ಇದ್ರೆ ದುಡ್ಡು ಬಂತಾ ಅಂತ ಕೇಳಿ. ನಿಕ್ಷಯ್ ಮಿತ್ರ ಅಂತ ಸರ್ಕಾರದ್ದೇ ಯೋಜನೆ ಉಂಟು, ಅದ್ರಲ್ಲಿ ಹೆಸರು ಹಾಕಿದ್ರೆ ನೀವೇ ಒಬ್ಬರಿಗೆ ಆರು ತಿಂಗಳ ರೇಷನ್ ಕೊಡಿಸ್ಬಹುದು.

ಪ್ರಶ್ನೆ: ಮೈಸೂರಲ್ಲಿ ಪ್ರೈವೇಟ್ ಡಾಕ್ಟರಿಗೆ ಗುಟ್ಟಾಗಿ ತೋರಿಸಿದ್ವಿ. ವಾರದಲ್ಲಿ ಇಲ್ಲಿ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ! ಹೇಗೆ ಗೊತ್ತಾಯ್ತು? (ನಾಪೋಕ್ಲು)

ಉತ್ತರ: 2012ರಿಂದ ಯಾವ ಡಾಕ್ಟರಾದ್ರೂ ಸರಿ, ಟಿಬಿ ಸಿಕ್ಕಿದ್ರೆ ಸರ್ಕಾರಕ್ಕೆ ತಿಳಿಸಲೇಬೇಕು, ಅದು ನಿಯಮ. ನಿಮ್ಮ ವಿಳಾಸ ಕೊಡಗಿಂದು ಅಂತ ಕೇಸು ಇಲ್ಲಿಗೆ ಬಂದಿದೆ. ಮೈಸೂರಿನ ಡಾಕ್ಟರನ್ನೇ ಮುಂದುವರಿಸಿ, ಬೇಡ ಅನ್ನೋರಿಲ್ಲ, ಊಟದ ದುಡ್ಡೂ ನಿಮಗೆ ಬರ್ತದೆ. ಆದ್ರೆ ಆಶಾ ಅಕ್ಕ ಜೀಪ್ ಇಲ್ದೆ ನಡ್ಕೊಂಡು ಬಂದಿರ್ತಾರೆ, ಗೇಟಲ್ಲೇ ನಿಲ್ಲಿಸಿ ಮಾತಾಡ್ಬೇಡಿ. ಅಕ್ಕಪಕ್ಕದವರಿಗೆ ಗೊತ್ತಾಗೋದು ಬೇಡ ಅಂದ್ರೆ ಅವರಿಗೆ ಹೇಳಿ, ಬೇರೆ ಹೊತ್ತಲ್ಲಿ ಬರ್ತಾರೆ. ನಾನಂತೂ ಒಂದು ಮನೆಗೆ ಆರು ತಿಂಗಳು ಇನ್ಶೂರೆನ್ಸ್ ಏಜೆಂಟ್ ಆಗಿ ಹೋಗಿದ್ದೆ.

ಪ್ರಶ್ನೆ: ಮಗಳಿಗೆ ಮೂರು ವರ್ಷದ ಹಿಂದೆ ಟಿಬಿ ಆಗಿ ಪೂರ್ತಿ ಗುಣ ಆಯ್ತು. ಈಗ ಮದುವೆ ಮಾತುಕತೆ. ಹುಡುಗನ ಕಡೆಯವರಿಗೆ ಹೇಳ್ಬೇಕಾ? (ಊರು ಬೇಡ ಅಂದಿದ್ದಾರೆ)

ಉತ್ತರ: ಅಮ್ಮಾ, ಇದನ್ನ ನನ್ನ ಕೇಳೋದಕ್ಕಿಂತ ಮಗಳನ್ನ ಕೇಳಿ, ಕಾಯಿಲೆ ಅವಳದ್ದು, ಮಾತೂ ಅವಳದ್ದು. ಗುಣ ಆದವರಿಂದ ಗಂಡನಿಗಾಗ್ಲಿ ಹುಟ್ಟೋ ಮಗುಗಾಗ್ಲಿ ಅದು ಅಂಟಲ್ಲ. ಹೇಳ್ಬೇಕು ಅಂತ ಅವಳಿಗೆ ಅನ್ಸಿದ್ರೆ ಹುಡುಗನಿಗೆ ನೇರ ಅವಳೇ ಹೇಳ್ಲಿ, ದಲ್ಲಾಳಿ ಬಾಯಲ್ಲಿ ಬೇಡ.

ಪ್ರಶ್ನೆ: ಟಿಬಿ ಮಾತ್ರೆ ಶುರು ಆದ್ಮೇಲೆ ಮೂತ್ರ ಕಿತ್ತಳೆ ಬಣ್ಣ ಬರ್ತಾ ಉಂಟು. ಮತ್ತೆ ಪಂದಿ ಕರಿ ತಿನ್ಬಹುದಾ? ಮನೆಯವರು ಪಥ್ಯ ಅಂತ ಗಂಜಿ ಕೊಟ್ಟು ಕೊಟ್ಟು ಸಾಕಾಗಿದೆ. (ಗೋಣಿಕೊಪ್ಪ)

ಉತ್ತರ: ಬಣ್ಣಕ್ಕೆ ಹೆದರ್ಬೇಡಿ, ಅದು ರಿಫಾಂಪಿಸಿನ್ ಅನ್ನೋ ಮಾತ್ರೆದ್ದು, ಕೊಡಗಿನ ಕಿತ್ತಳೆ ಹೋಯ್ತು ಅಂತ ಎಲ್ಲರೂ ಅಳ್ತಾರೆ, ನಿಮಗೆ ಮನೆಯಲ್ಲೇ ಸಿಕ್ಕಿದೆ. ನಾವು ಆಗ ಇದನ್ನ ನೋಡಿಯೇ ಮಾತ್ರೆ ನುಂಗಿದ್ದಾರಾ ಇಲ್ವಾ ಅಂತ ಕಂಡು ಹಿಡೀತಿದ್ವಿ. ಇನ್ನು ಪಂದಿ ಕರಿ. ಶುಗರ್ರು, ಬೇರೆ ತೊಂದರೆ ಇಲ್ಲ, ಡಾಕ್ಟರ್ ಬೇಡ ಅಂದಿಲ್ಲ ಅಂದ್ರೆ ಧಾರಾಳ ತಿನ್ನಿ, ಜೊತೆಗೆ ಕಡಂಬುಟ್ಟು ಎರಡು ಜಾಸ್ತಿ ಹಾಕ್ಕೊಳ್ಳಿ. ಟಿಬಿಗೆ ಪಥ್ಯ ಅಂತ ಏನೂ ಇಲ್ಲ. ಈ ಪುಟವನ್ನ ನಿಮ್ಮ ಮನೆಯವರಿಗೆ ತೋರಿಸಿ, ಗಂಜಿ ನಿಲ್ಲಿಸ್ತಾರೆ.